ಅಲಗು ನೋಡಿ ಕೊಳ್ಳಿ: ಮನೆಯಂಗಳದ ಹುಲ್ಲಿಗೆ ತಕ್ಕ ಯಂತ್ರ

ಕೇಳುಗರಿಗೆ ನಮಸ್ಕಾರ.

ಮಳೆಗಾಲ ಹಿಡಿಯುತ್ತಿದ್ದಂತೆ ನನ್ನಲ್ಲಿಗೆ ಬರುವ ಪ್ರಶ್ನೆಗಳು ಹೆಚ್ಚಾಗಿ ಒಂದೇ ಬಗೆಯವು. ಮನೆಯ ಮುಂದೆ ಒಂದಿಷ್ಟು ಹುಲ್ಲುಹಾಸು ಮಾಡಿಸಿದ್ದೇವೆ, ವಾರ ಕಳೆಯುವುದರೊಳಗೆ ಪಾದ ಮುಚ್ಚುವಷ್ಟು ಬೆಳೆದುಬಿಡುತ್ತದೆ, ಕತ್ತರಿಸುವ ಯಂತ್ರ ಕೊಳ್ಳಬೇಕೆಂದಿದ್ದೇವೆ, ಎಷ್ಟು ಅಶ್ವಶಕ್ತಿಯದನ್ನು ಕೊಳ್ಳೋಣ ಎಂದು ಕೇಳುತ್ತಾರೆ. ಪೆಟ್ರೋಲಿನದೋ ವಿದ್ಯುತ್ತಿನದೋ ಎಂದು ಕೇಳುತ್ತಾರೆ. ಅಲಗು ಎಂಥದಿರಬೇಕು ಎಂದು ಮಾತ್ರ ಯಾರೂ ಕೇಳುವುದಿಲ್ಲ. ಹುಲ್ಲನ್ನು ಮುಟ್ಟುವುದು ಅಲಗು. ಎಂಜಿನ್ನು ಹುಲ್ಲನ್ನು ಮುಟ್ಟುವುದೇ ಇಲ್ಲ. ಆದುದರಿಂದ ಈ ಹತ್ತು ನಿಮಿಷಗಳಲ್ಲಿ ನಾನು ಒಂದೇ ಮಾತನ್ನು ಮತ್ತೆ ಮತ್ತೆ ಹೇಳಲಿದ್ದೇನೆ: ಅಲಗು ನೋಡಿ ಕೊಳ್ಳಿ.

ಮೊದಲು ಒಂದು ಸಣ್ಣ ಲೆಕ್ಕ ಮಾಡೋಣ. ನಮ್ಮ ಊರುಗಳಲ್ಲಿ 40 ಅಡಿಗೆ 60 ಅಡಿಯ ನಿವೇಶನವೆಂದರೆ ದೊಡ್ಡದೇ. ಅದರಲ್ಲಿ ಮನೆ, ಕಾರು ನಿಲ್ಲಿಸುವ ಜಾಗ, ಸಂಪು, ತುಳಸಿಕಟ್ಟೆ, ನಾಲ್ಕು ಹೂವಿನ ಗಿಡ ಎಲ್ಲವನ್ನೂ ಕಳೆದರೆ ಹುಲ್ಲಿಗೆ ಉಳಿಯುವುದು ಹೆಚ್ಚೆಂದರೆ 20 ಅಡಿ ಉದ್ದ, 15 ಅಡಿ ಅಗಲ. ಹನ್ನೆರಡು ಅಂಗುಲ ಅಗಲದ ಕೈಯಂತ್ರವನ್ನು ತಳ್ಳುವಾಗ, ಹಿಂದಿನ ಸಾಲಿನ ಮೇಲೆ ಎರಡು ಅಂಗುಲ ಹಾಯಿಸಿಕೊಂಡು ಹೋದರೆ, ಪ್ರತಿ ಸಾಲಿಗೆ ಹತ್ತು ಅಂಗುಲ ಸಿಕ್ಕುತ್ತದೆ. ಹದಿನೈದು ಅಡಿಗೆ 18 ಸಾಲು. ಸಾಲಿಗೆ 20 ಅಡಿಯಂತೆ ಒಟ್ಟು ನಡಿಗೆ 360 ಅಡಿ. ಅಂದರೆ ನೂರ ಹತ್ತು ಮೀಟರು. ಬೆಳಿಗ್ಗೆ ಹಾಲು ತರಲು ಹೋಗಿಬರುವಷ್ಟು ದೂರವೂ ಇಲ್ಲದ ಈ ನಡಿಗೆಗೆ ಎಂಜಿನ್ನು ಏತಕ್ಕೆ ಬೇಕು, ದಯವಿಟ್ಟು ಯೋಚಿಸಿ.

ಇನ್ನು ಅಲಗಿನ ವಿಚಾರ. ಹುಲ್ಲು ಕತ್ತರಿಸುವ ಯಂತ್ರಗಳಲ್ಲಿ ಎರಡೇ ಜಾತಿ ಎಂದು ತಿಳಿಯಿರಿ. ಒಂದು ರೋಟರಿ. ಇದರಲ್ಲಿ ಮುಚ್ಚಳದ ಕೆಳಗೆ ಒಂದೇ ಚಪ್ಪಟೆ ಅಲಗು ಫ್ಯಾನಿನಂತೆ ನೆಲಕ್ಕೆ ಸಮನಾಗಿ, ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತದೆ. ಹುಲ್ಲನ್ನು ಆಧರಿಸಿ ಹಿಡಿಯಲು ಇನ್ನೊಂದು ಅಲಗು ಇಲ್ಲದ ಕಾರಣ, ಅದು ವೇಗದ ಬಲದಿಂದಲೇ ಹೊಡೆದು ತುಂಡರಿಸುತ್ತದೆ. ಇನ್ನೊಂದು ರೀಲ್, ಕೆಲವರು ಸಿಲಿಂಡರ್ ಎನ್ನುತ್ತಾರೆ. ಇದರಲ್ಲಿ ಐದಾರು ಅಲಗುಗಳು ಉರುಳೆಯ ಸುತ್ತ ಸುರುಳಿಯಾಗಿ ಕೂತಿರುತ್ತವೆ, ಅದರ ಕೆಳಗೆ ಕದಲದ ಒಂದು ಅಡ್ಡ ಅಲಗು ಇರುತ್ತದೆ. ನೀವು ತಳ್ಳಿದಂತೆ ಗಾಲಿ ಉರುಳುತ್ತದೆ, ಗಾಲಿಯೊಳಗಿನ ಹಲ್ಲುಚಕ್ರ ರೀಲನ್ನು ತಿರುಗಿಸುತ್ತದೆ, ಸುರುಳಿ ಅಲಗು ಹುಲ್ಲನ್ನು ತಂದು ಅಡ್ಡ ಅಲಗಿಗೆ ಒತ್ತಿ ಕತ್ತರಿಸುತ್ತದೆ. ದರ್ಜಿಯ ಕತ್ತರಿಯಲ್ಲಿ ನಡೆಯುವುದೂ ಇದೇ. ಎರಡು ಅಂಚುಗಳು ಒಂದರ ಮೇಲೊಂದು ಹಾಯ್ದಾಗ ಮಾತ್ರ ಬಟ್ಟೆ ನೇರವಾಗಿ ತುಂಡಾಗುತ್ತದೆ.

ಬಟ್ಟೆಯ ಮಾತನ್ನು ಸುಮ್ಮನೆ ಎತ್ತಲಿಲ್ಲ. ಈ ಯಂತ್ರ ಹುಟ್ಟಿದ್ದೇ ಬಟ್ಟೆಯ ಗಿರಣಿಯಲ್ಲಿ. ಇಂಗ್ಲೆಂಡಿನ ಗ್ಲಾಸ್ಟರ್‌ಷೈರ್ ಪ್ರಾಂತ್ಯದ ಸ್ಟ್ರೌಡ್ ಎಂಬ ಊರಿನ ಸುತ್ತ ಉಣ್ಣೆ ಬಟ್ಟೆಯ ಗಿರಣಿಗಳಿದ್ದವು. ನೇಯ್ದ ಬಟ್ಟೆಯ ಮೇಲೆ ಏಳುವ ಜುಂಗನ್ನು ಸಮನಾಗಿ ಸವರಲು ಅಲ್ಲಿ ಸುರುಳಿ ಅಲಗಿನ ಉರುಳೆಯೊಂದನ್ನು ಬಳಸುತ್ತಿದ್ದರು. ಎಡ್ವಿನ್ ಬಡ್ಡಿಂಗ್ ಎಂಬ ಯಂತ್ರಕುಶಲಿ ಅದನ್ನು ಕಂಡು, ಬಟ್ಟೆಯ ಜುಂಗನ್ನು ಸವರುವುದು ಹುಲ್ಲನ್ನೂ ಸವರಬಾರದೇಕೆ ಎಂದು ಯೋಚಿಸಿ, 1830ರಲ್ಲಿ ಪೇಟೆಂಟ್ ಪಡೆದ. ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಪ್ರಾಣಿಸಂಗ್ರಹಾಲಯದ ತೋಟ ಅವನ ಮೊದಲ ಗಿರಾಕಿಗಳಲ್ಲಿ ಒಂದು. ಇಷ್ಟು ವರ್ಷಗಳ ಮೇಲೂ ಆ ಅಲಗಿನ ಮೂಲ ವಿನ್ಯಾಸ ಬದಲಾಗಿಲ್ಲ. ಇಂದಿಗೂ ಗಾಲ್ಫ್ ಮೈದಾನದಲ್ಲಿ ಗುಳಿಯ ಸುತ್ತಲಿನ ಹುಲ್ಲನ್ನು ಮೂರು ನಾಲ್ಕು ಮಿಲಿಮೀಟರಿಗೆ ಇಳಿಸುವುದು ಇದೇ ಸುರುಳಿ ಅಲಗು.

ಅಲಗಿನಿಂದ ಆಗುವ ವ್ಯತ್ಯಾಸವನ್ನು ನಾನು ಕಣ್ಣಾರೆ ಕಂಡ ಒಂದು ಪ್ರಸಂಗವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಮೈಸೂರಿನಲ್ಲಿ ನಿವೃತ್ತ ಮೇಷ್ಟರೊಬ್ಬರು ಒಂದು ಸಂಜೆ ನನ್ನನ್ನು ಮನೆಗೆ ಕರೆಸಿಕೊಂಡರು. ಗೇಟಿನಲ್ಲೇ ನಿಂತಿದ್ದರು. "ನೋಡಿ ಸ್ವಾಮಿ, ಗೊಬ್ಬರ ಹಾಕಿದೆ, ಹೊತ್ತು ಹೊತ್ತಿಗೆ ನೀರು ಬಿಟ್ಟೆ, ಔಷಧವನ್ನೂ ಹೊಡೆಸಿದೆ. ಆದರೂ ಕತ್ತರಿಸಿದ ಎರಡನೆಯ ದಿನಕ್ಕೆ ಹುಲ್ಲೆಲ್ಲ ನರೆತ ಹಾಗೆ ಬೆಳ್ಳಗಾಗುತ್ತದೆ. ಏನು ರೋಗ ಇದು?" ಎಂದರು. ದೂರದಿಂದ ನೋಡಿದರೆ ನಿಜವಾಗಿಯೂ ಹುಲ್ಲಿನ ಮೇಲೆ ಬೂದಿ ಎರಚಿದಂತಿತ್ತು. ನಾನು ಅಲ್ಲೇ ಕೂತು ಒಂದು ಎಸಳನ್ನು ಕಿತ್ತು, ಜೇಬಿನಲ್ಲಿದ್ದ ಮಸೂರದಲ್ಲಿ ನೋಡಿದೆ. ಎಸಳಿನ ತುದಿ ಅಗಿದ ಬೇವಿನ ಕಡ್ಡಿಯ ತುದಿಯಂತೆ ಎಳೆ ಎಳೆಯಾಗಿ ಬಿಚ್ಚಿಕೊಂಡಿತ್ತು. ಹಸಿರು ಭಾಗವೆಲ್ಲ ಒಣಗಿ, ಬಿಳಿಯ ನಾರು ಮಾತ್ರ ಉಳಿದಿತ್ತು. ಮಸೂರವನ್ನು ಅವರ ಕೈಗೆ ಕೊಟ್ಟೆ. ಅವರು ಬಹಳ ಹೊತ್ತು ನೋಡಿ, "ಇದು ಕತ್ತರಿಸಿದ್ದಲ್ಲ, ಹರಿದದ್ದು" ಎಂದರು. ಮೂವತ್ತು ವರ್ಷ ಪಾಠ ಹೇಳಿದ ಕಣ್ಣು. ನಾನು ಹೇಳಬೇಕಾದುದನ್ನು ಅವರೇ ಹೇಳಿದರು.

ಅವರ ಬಳಿ ಇದ್ದದ್ದು ಹದಿನೆಂಟು ಅಂಗುಲದ ಪೆಟ್ರೋಲ್ ರೋಟರಿ. ಅದರ ಹಗ್ಗ ಎಳೆದು ಚಾಲೂ ಮಾಡಲು ಪಕ್ಕದ ಮನೆಯ ಹುಡುಗ ಬರಬೇಕಿತ್ತು. ಮೂಲೆಯಲ್ಲಿ ತಿರುಗಿಸುವಾಗ ಅದರ ಭಾರಕ್ಕೆ ಗಾಲಿ ಜಾರಿ ಹುಲ್ಲಿನ ಹೊದಿಕೆ ಎದ್ದುಬರುತ್ತಿತ್ತು. ಮಗುಚಿ ನೋಡಿದರೆ ಎರಡು ಮಳೆಗಾಲ ಸಾಣೆ ಕಾಣದ ಅಲಗಿನ ಅಂಚು ಬೆರಳಿನ ಉಗುರಿನಷ್ಟು ದಪ್ಪವಾಗಿತ್ತು. ಹಾಗೆ ಹರಿದ ತುದಿಯಿಂದ ನೀರಿನಂಶ ಆರುತ್ತದೆ, ರೋಗದ ಶಿಲೀಂಧ್ರಕ್ಕೆ ಬಾಗಿಲು ತೆರೆದಂತಾಗುತ್ತದೆ. ಮೇಲಿಂದ ಎಷ್ಟು ಗೊಬ್ಬರ ಸುರಿದರೂ ಆ ಬಿಳುಪು ಹೋಗುವುದಿಲ್ಲ.

ಮನೆಯಲ್ಲಿ ಬೇರೆ ಯಂತ್ರವೇನಾದರೂ ಉಂಟೇ ಎಂದು ಕೇಳಿದಾಗ ಅವರ ಶ್ರೀಮತಿಯವರು, "ಮೆಟ್ಟಿಲ ಕೆಳಗೆ ಹಳೆಯದೊಂದು ಬಿದ್ದಿದೆ, ಗುಜರಿಗೆ ಹಾಕಬೇಕೆಂದಿದ್ದೆವು" ಎಂದರು. ಗೋಣಿಚೀಲಗಳ ಹಿಂದಿನಿಂದ ಎಳೆದು ತಂದರೆ, ಹನ್ನೆರಡು ಅಂಗುಲದ ಕೈರೀಲ್ ಯಂತ್ರ! ತುಕ್ಕು ಹಿಡಿದು ಕೆಂಪಾಗಿತ್ತು, ಆದರೆ ಅಲಗಿನಲ್ಲಿ ಒಂದೂ ಮುಕ್ಕಿರಲಿಲ್ಲ. ಒಂದು ರಾತ್ರಿ ಸೀಮೆಎಣ್ಣೆ ಸವರಿಟ್ಟು, ಬೆಳಿಗ್ಗೆ ಉಪ್ಪುಕಾಗದದಿಂದ ಉಜ್ಜಿದೆವು. ಮೋಟಾರು ಬಿಡಿಭಾಗದ ಅಂಗಡಿಯಿಂದ ವಾಲ್ವ್ ಉಜ್ಜುವ ಪೇಸ್ಟನ್ನು ತರಿಸಿ, ಗಾಲಿ ಬಿಚ್ಚಿ, ಅಲಗುಗಳಿಗೆ ಪೇಸ್ಟ್ ಹಚ್ಚಿ ರೀಲನ್ನು ಹಿಮ್ಮುಖವಾಗಿ ತಿರುಗಿಸಿದೆವು. ಹಾಗೆ ತಿರುಗಿಸಿದಾಗ ಸುರುಳಿ ಅಲಗೂ ಅಡ್ಡ ಅಲಗೂ ಒಂದನ್ನೊಂದು ಮಸೆದುಕೊಳ್ಳುತ್ತವೆ. ಪೇಸ್ಟನ್ನೆಲ್ಲ ಒರೆಸಿದ ಮೇಲೆ ಆ ದಿನದ ವೃತ್ತಪತ್ರಿಕೆಯ ಒಂದು ಪಟ್ಟಿಯನ್ನು ಅಲಗುಗಳ ನಡುವೆ ಹಿಡಿದು ರೀಲನ್ನು ಕೈಯಿಂದ ಮೆಲ್ಲನೆ ತಿರುಗಿಸಿದೆ. ಎಡಬದಿಯಲ್ಲಿ ಕಾಗದ ಕಚಕ್ಕೆಂದು ತುಂಡಾಯಿತು. ಬಲಬದಿಯಲ್ಲಿ ಮಡಿಸಿಕೊಂಡು ಒಳಗೆ ಹೋಯಿತು. ಬಲಬದಿಯ ತಿರುಪನ್ನು ಕಾಲು ಸುತ್ತು ಬಿಗಿ ಮಾಡಿ ಮತ್ತೆ ಹಿಡಿದಾಗ ಈ ತುದಿಯಿಂದ ಆ ತುದಿಯವರೆಗೂ ಕಾಗದ ನೇರವಾಗಿ ಕತ್ತರಿಸಿಕೊಂಡಿತು. ಮೇಷ್ಟರು ಆ ಯಂತ್ರವನ್ನು ನನ್ನ ಕೈಯಿಂದ ತೆಗೆದುಕೊಂಡು ತಾವೇ ತಳ್ಳತೊಡಗಿದರು. ಸರಸರನೆ ಕತ್ತರಿಯಾಡಿದ ಸದ್ದು ಬಿಟ್ಟರೆ ಇನ್ನಾವ ಗದ್ದಲವೂ ಇಲ್ಲ. ಇಪ್ಪತ್ತು ನಿಮಿಷದೊಳಗೆ ಅಂಗಳ ಮುಗಿದಿತ್ತು. ಹರಿದ ತುದಿಗಳೆಲ್ಲ ಹೋಗಲು ಇನ್ನೆರಡು ವಾರದ ಕಟಾವು ಬೇಕಾಯಿತು. ಮೂರನೆಯ ವಾರ ನಾನು ಹೋದಾಗ ಹುಲ್ಲು ಎಳೆಯ ಪೈರಿನ ಬಣ್ಣಕ್ಕೆ ತಿರುಗಿತ್ತು. ಗೊಬ್ಬರ ಅದೇ, ನೀರು ಅದೇ. ಬದಲಾದದ್ದು ಅಲಗೊಂದೇ.

ಗಾಜಿನಾಚೆಯಿಂದ ಕೈಸನ್ನೆ ಬರುತ್ತಿದೆ, ಸಮಯ ಬಹಳ ಉಳಿದಿಲ್ಲ. ಉಳಿದದ್ದನ್ನು ಬೇಗ ಹೇಳುತ್ತೇನೆ.

ಅಂಗಡಿಯಲ್ಲಿ ರೀಲ್ ಯಂತ್ರ ನೋಡುವಾಗ ಅಲಗು ಐದಕ್ಕಿಂತ ಕಡಿಮೆ ಇರುವುದು ಬೇಡ. ಅಡ್ಡ ಅಲಗನ್ನು ಹತ್ತಿರ ತರುವ ತಿರುಪುಗಳು ಎರಡೂ ಬದಿಯಲ್ಲಿ ಇರಲೇಬೇಕು. ಅವಿಲ್ಲದ ಯಂತ್ರವನ್ನು ಎಷ್ಟು ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ. ಕಾಗದದ ಪರೀಕ್ಷೆಯನ್ನು ಅಂಗಡಿಯಲ್ಲೇ ಮಾಡಿಸಿ. ಅಂಗಡಿಯವರು ಬಣ್ಣ ತೋರಿಸುತ್ತಾರೆ, ಹುಲ್ಲಿನ ಚೀಲ ತೋರಿಸುತ್ತಾರೆ, ನೀವು ಅಲಗು ನೋಡಿ ಕೊಳ್ಳಿ. ನಿಮ್ಮ ಹುಲ್ಲುಹಾಸು ಕಾಲುದಾರಿಗೆ ತಾಗಿದ್ದರೆ ಹಿಂದೆ ಅಗಲವಾದ ರೋಲರ್ ಇರುವುದು ಒಳ್ಳೆಯದು, ಏಕೆಂದರೆ ಬದಿಗಾಲಿಯ ಯಂತ್ರ ಅಂಚಿನಲ್ಲಿ ಎರಡು ಮೂರು ಅಂಗುಲದ ಪಟ್ಟಿಯನ್ನು ಕತ್ತರಿಸದೆ ಬಿಟ್ಟುಬಿಡುತ್ತದೆ.

ಭುಜಕ್ಕೆ ನೇತುಹಾಕಿಕೊಂಡು ನೈಲಾನ್ ದಾರದಿಂದ ಹೊಡೆಯುವ ಬ್ರಷ್ ಕಟರ್ ಬೇಲಿಯ ಬದಿಯ ಕಳೆಗೆ ಸರಿ. ಹುಲ್ಲುಹಾಸಿನ ಮೇಲೆ ಅದನ್ನು ಆಡಿಸಲು ಬಿಡಬೇಡಿ, ಬಿಟ್ಟರೆ ಮೇಷ್ಟರ ಅಂಗಳದ ಬಿಳುಪು ನಿಮ್ಮಲ್ಲಿಗೂ ಬರುತ್ತದೆ. ವಿದ್ಯುತ್ ರೋಟರಿಯನ್ನು ಈಗಾಗಲೇ ಕೊಂಡವರು ಅದರ ಅಲಗನ್ನು ಪ್ರತಿ ಮಳೆಗಾಲಕ್ಕೆ ಮುಂಚೆ ಬಿಚ್ಚಿ ಸಾಣೆ ಹಿಡಿಸಿ. ಬಿಚ್ಚುವಾಗ ಪ್ಲಗ್ಗು ಕಿತ್ತಿರಲಿ. ಕತ್ತರಿಸುವಾಗ ವೈರನ್ನು ಹೆಗಲ ಮೇಲಿಂದ ಹಿಂದಕ್ಕೆ ಹಾಕಿಕೊಳ್ಳಿ, ಒದ್ದೆ ಹುಲ್ಲಿನ ಮೇಲೆ ಅದನ್ನು ಓಡಿಸಲೇಬೇಡಿ.

ಗರಿಕೆಯಾಗಲಿ, ಕೊರಿಯನ್ ಹುಲ್ಲಾಗಲಿ, ಬೆಳೆಯುವುದು ಬುಡದಿಂದ. ಅದಕ್ಕೇ ತುದಿ ಕತ್ತರಿಸಿದರೂ ಮತ್ತೆ ಬರುತ್ತದೆ. ಆದರೆ ಒಂದು ಸಲಕ್ಕೆ ಎತ್ತರದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ತೆಗೆಯಬಾರದು. ಒಂದೂವರೆ ಅಂಗುಲಕ್ಕೆ ಬೆಳೆದಾಗ ಒಂದಂಗುಲಕ್ಕೆ ಇಳಿಸಿ. ಅಷ್ಟಕ್ಕೆ ಮಳೆಗಾಲದಲ್ಲಿ ವಾರಕ್ಕೊಮ್ಮೆ, ಬೇಸಿಗೆಯಲ್ಲಿ ಹದಿನೈದು ದಿನಕ್ಕೊಮ್ಮೆ ಯಂತ್ರ ಹೊರಗೆ ತೆಗೆದರೆ ಸಾಕು. ತಳ್ಳುವ ಮುನ್ನ ಅಂಗಳದ ಮೇಲೊಮ್ಮೆ ನಡೆದು ಕಲ್ಲು, ಕಡ್ಡಿ, ತೆಂಗಿನ ಗರಿಯ ಚೂರು ಆರಿಸಿ. ಕಡಲೆಕಾಳಿನಷ್ಟು ಜಲ್ಲಿ ಸಿಕ್ಕಿಕೊಂಡರೂ ಅಲಗು ಮುಕ್ಕಾಗುತ್ತದೆ. ಮಕ್ಕಳು ರೀಲನ್ನು ಬೆರಳಿನಿಂದ ತಿರುಗಿಸದಂತೆ ನೋಡಿಕೊಳ್ಳಿ. ಕೆಲಸ ಮುಗಿದ ಮೇಲೆ ಅಂಟಿದ ಹುಲ್ಲನ್ನು ಹಳೆಯ ಬ್ರಷ್ಷಿನಿಂದ ಉದುರಿಸಿ, ಒಣಬಟ್ಟೆಯಿಂದ ಒರೆಸಿ, ಹೊಲಿಗೆ ಯಂತ್ರಕ್ಕೆ ಬಿಡುವ ಎಣ್ಣೆಯನ್ನೇ ಅಲಗಿನ ಉದ್ದಕ್ಕೂ ತೆಳ್ಳಗೆ ಸವರಿ, ಮಳೆ ತಾಗದ ಕಡೆ ಇಡಿ. ನಮಸ್ಕಾರ.