ಅ-ಹ ತಪ್ಪಿದವರನ್ನು ನೋಡಿ ನಗುವವರಿಗೆ

ಎಲ್ಲರಿಗೂ ನಮಸ್ಕಾರ. ನನ್ನದು ಕರಡು ತಿದ್ದುವ ಕೆಲಸ, ಅಂದರೆ ಪ್ರೂಫ್ ರೀಡರ್. ಬೇರೆಯವರ ಕಾಗುಣಿತದ ತಪ್ಪು ಹುಡುಕಿಯೇ ಹೊಟ್ಟೆ ಹೊರೆದವನು. ಇಂಥವನನ್ನು ಕರೆದು "ಶುದ್ಧ ಬರವಣಿಗೆ" ಬಗ್ಗೆ ಮಾತಾಡಿ ಅಂದರೆ, ಈಗಿನ ಮಕ್ಕಳಿಗೆ ಶ-ಷ ಗೊತ್ತಿಲ್ಲ, ಟಿವಿಯವರಿಗೆ ಅ-ಹ ಗೊತ್ತಿಲ್ಲ ಅಂತ ಚೆನ್ನಾಗಿ ಬೈಯುತ್ತಾನೆ ಎಂದು ಈ ರೇಡಿಯೋ ನಿಲಯದವರು ಅಂದುಕೊಂಡಿರಬೇಕು. ಬೈಯುತ್ತೇನೆ. ಆದರೆ ಅವರನ್ನಲ್ಲ, ಅವರನ್ನು ನೋಡಿ ನಗುವವರನ್ನು.

ನನ್ನದು ಒಂದೇ ಮಾತು. ತಪ್ಪು ಕಂಡರೆ ತಿದ್ದಿ. ಬರೆದವರನ್ನು ತೂಗಬೇಡಿ.

ನಿಮ್ಮೂರಿನ ಸರ್ಕಲ್ಲಿನಲ್ಲಿ ಯಾರದೋ ಹುಟ್ಟುಹಬ್ಬದ ಫ್ಲೆಕ್ಸ್ ಕಟ್ಟಿರುತ್ತಾರೆ. "ಹಾರ್ದಿಕ ಶುಭಾಷಯಗಳು" ಅಂತ ಹೊಟ್ಟೆ ಸೀಳಿದ ಷ ಹಾಕಿರುತ್ತಾರೆ. ಅದು ಶುಭ ಆಶಯ, ಹಾಗಾಗಿ ಶಂಕರನ ಶ ಬರಬೇಕು, ಸರಿ. ಯಾರೋ ಒಬ್ಬರು ಅದರ ಫೋಟೋ ತೆಗೆದು ವಾಟ್ಸಾಪ್ ಗುಂಪಿಗೆ ಹಾಕಿ "ಕನ್ನಡದ ಕೊಲೆ" ಅಂತ ಬರೆಯುತ್ತಾರೆ, ಗುಂಪಿನವರೆಲ್ಲ ನಗುತ್ತಾರೆ, ಬೆಳಗ್ಗೆಯಿಂದ ಸಂಜೆವರೆಗೂ ಅದೇ. ನಾನು ಕೇಳುತ್ತೇನೆ, ನಗುವ ನೀವು ದಿನನಿತ್ಯದ ಮಾತಿನಲ್ಲಿ ಶ ಮತ್ತು ಷ ಬೇರೆ ಬೇರೆ ಮಾಡಿ ಹೇಳುತ್ತೀರಾ? ಸುಮ್ನೆ ಒಮ್ಮೆ ಹೇಳಿ ನೋಡಿ. ನಮ್ಮಲ್ಲಿ ಹೆಚ್ಚಿನವರ ಬಾಯಲ್ಲಿ ಎರಡೂ ಒಂದೇ. ಕಿವಿಗೆ ಗೊತ್ತಾಗದ್ದನ್ನು ಕಣ್ಣು ನೆನಪಿಟ್ಟುಕೊಳ್ಳಬೇಕು. ಅದಕ್ಕೆ ಪುಸ್ತಕ ಬೇಕು, ಪುರುಸೊತ್ತು ಬೇಕು, ಒಳ್ಳೆಯ ಮೇಷ್ಟ್ರು ಬೇಕು. ಇದೆಲ್ಲ ಸಿಕ್ಕಿತು ಅನ್ನುವುದು ಅದೃಷ್ಟ ಅಲ್ವಾ? ಬುದ್ಧಿ ಹೇಗಾಗುತ್ತದೆ?

ಇನ್ನು ಹಾಲು. ಹಳೇ ಮೈಸೂರು ಕಡೆ ಎಷ್ಟೋ ಜನ "ಆಲು" ಅನ್ನುತ್ತಾರೆ, ಹುಲಿಗೆ "ಉಲಿ" ಅನ್ನುತ್ತಾರೆ. ಅದಕ್ಕೆ ಎಷ್ಟು ನಗು, ಎಷ್ಟು ಹಾಸ್ಯ! ಸ್ವಾಮಿ, ಹಳಗನ್ನಡದಲ್ಲಿ ಹಾಲು ಪಾಲ್, ಹುಲಿ ಪುಲಿ. ತೆಲುಗಿನವರು ಈಗಲೂ ಪಾಲು ಅನ್ನುತ್ತಾರೆ, ತಮಿಳಿನವರು ಪಾಲ್ ಅನ್ನುತ್ತಾರೆ. ಸುಮಾರು ಸಾವಿರ ವರ್ಷದ ಹಿಂದೆ ನಮ್ಮವರ ಬಾಯಲ್ಲಿ ಪ ಹೋಗಿ ಹ ಬರತೊಡಗಿತು. ಈಗ ಕೆಲವು ಕಡೆ ಆ ಹ ಕೂಡ ಹೋಗಿದೆ. ಒಂದು ಹೆಜ್ಜೆ ಮುಂದೆ ಹೋದವರನ್ನು ನೋಡಿ ಹಿಂದೆ ನಿಂತವರು ನಗುತ್ತಿದ್ದಾರೆ, ಅಷ್ಟೆ. ಇವರ ನಗುವಿಗೆ ಹೆದರಿ ಅವರು ಇಲ್ಲದ ಕಡೆ ಹ ಹಾಕಿ, ಅಕ್ಕಿಯನ್ನು ಹಕ್ಕಿ ಮಾಡಿಬಿಡುತ್ತಾರೆ. ಅದಕ್ಕೂ ನಗು.

13ನೇ ಶತಮಾನದ ವ್ಯಾಕರಣಕಾರ ಕೇಶಿರಾಜ ಏನು ಮಾಡಿದ ಗೊತ್ತಾ? ಆಗ ನಮ್ಮ ಭಾಷೆಯಲ್ಲಿ ಇನ್ನೊಂದು ಳ ಇತ್ತು, ರಳ ಅಂತ. ತನ್ನ ಶಬ್ದಮಣಿದರ್ಪಣದಲ್ಲಿ ಯಾವ ಯಾವ ಪದಕ್ಕೆ ಆ ಅಕ್ಷರ ಬರಬೇಕು ಎಂದು ಪಟ್ಟಿಯನ್ನೇ ಕೊಟ್ಟ. ಜನ ಆಗಲೇ ಎರಡನ್ನೂ ಕಲಸುತ್ತಿದ್ದರು, ಇಲ್ಲದಿದ್ದರೆ ಪಟ್ಟಿ ಯಾಕೆ ಬೇಕಿತ್ತು? ಇವತ್ತು ಕೋಳಿ, ಬಾಳೆ, ಏಳು ಎಲ್ಲವನ್ನೂ ನಾವು ಮಾಮೂಲಿ ಳ ಹಾಕಿಯೇ ಬರೆಯುತ್ತೇವೆ. ಕೇಶಿರಾಜ ಬಂದು ನಿಮ್ಮ ಮಗಳ ಎಂ.ಎ. ಉತ್ತರಪತ್ರಿಕೆ ನೋಡಿದರೆ ಪಾಸು ಮಾಡುತ್ತಿರಲಿಲ್ಲ.

ಈಗ ಒಂದು ಪ್ರಸಂಗ. ಸ್ವಲ್ಪ ಉದ್ದ ಇದೆ, ಬೇಜಾರಾಗಬೇಡಿ. ಹಿಂದೆ ನಾನು ಒಂದು ವಾರಪತ್ರಿಕೆಯಲ್ಲಿದ್ದೆ, ಹೆಸರು ಬೇಡ. ಅಲ್ಲಿಗೆ ತುಮಕೂರು ಕಡೆಯ ಹಳ್ಳಿಯಿಂದ ಒಬ್ಬ ಹೆಣ್ಣುಮಗಳ ಪತ್ರ ಬಂತು. ಮಕ್ಕಳ ನೋಟ್‌ಬುಕ್ಕಿನಿಂದ ಹರಿದ ಹಾಳೆ, ಪೆನ್ಸಿಲ್ ಬರಹ. "ತೊಗರಿಗೆ ಉಳ ಬೀಳದ ಆಗೆ ಮಾಡುವುದು" ಅಂತ ತಲೆಬರಹ ಕೊಟ್ಟಿದ್ದರು. ನಮ್ಮ ಉಪಸಂಪಾದಕರು ಕನ್ನಡ ಎಂ.ಎ. ಅದನ್ನು ಎತ್ತಿ ಹಿಡಿದು ಇಡೀ ಆಫೀಸಿಗೆ ಕೇಳುವ ಹಾಗೆ ಓದಿದರು. "ಹ ಬರೆಯೋಕೆ ಬರಲ್ಲ, ನಮಗೆ ಬೇಸಾಯ ಹೇಳಿಕೊಡ್ತಾರಂತೆ" ಅಂದರು, ಎಲ್ಲರೂ ನಕ್ಕರು, ಪತ್ರ ಕಸದ ಬುಟ್ಟಿಗೆ ಹೋಯಿತು.

ನಾನು ಎತ್ತಿಕೊಂಡು ಓದಿದೆ. ಎಂಥ ಬರಹ ಅಂತೀರಿ! ಕೆಮ್ಮಣ್ಣನ್ನು ಜರಡಿ ಹಿಡಿಯಬೇಕು, ನೀರಲ್ಲಿ ಕಲಸಬೇಕು, ಎಷ್ಟು ಗಟ್ಟಿ ಅಂದರೆ ಕಾಳಿಗೆ ಅಂಟಬೇಕು, ಮುದ್ದೆ ಆಗಬಾರದು. ಆಮೇಲೆ ಬಿಸಿಲಲ್ಲಿ ಒಣಗಿಸಬೇಕು. ಒಣಗಿದ ತಕ್ಷಣ ಮಡಕೆಗೆ ತುಂಬಬೇಡಿ, ಆರಲಿ, ಬಿಸಿ ಕಾಳು ಒಳಗೆ ಬೆವರುತ್ತದೆ ಅಂತ ಬರೆದಿದ್ದರು. ಈ ಕೊನೆಯ ಮಾತು ಕೈಯಾರೆ ಮಾಡಿದವರಿಗೆ ಬಿಟ್ಟು ಬೇರೆ ಯಾರಿಗೆ ಹೊಳೆಯುತ್ತದೆ, ಹೇಳಿ? ಒಂದು ಲೋಟ ಕಾಫಿ ಆರುವಷ್ಟರಲ್ಲಿ ತಪ್ಪೆಲ್ಲ ತಿದ್ದಿದೆ. ನನ್ನ ಕೆಲಸವೇ ಅದು. ಸಂಪಾದಕರಿಗೆ ತೋರಿಸಿದೆ, ಅಚ್ಚಾಯಿತು. ಆಮೇಲೆ ಬಂದವು ನೋಡಿ ಪತ್ರಗಳು! ಅವರೆಗೂ ಇದು ಆಗುತ್ತಾ, ಕೆಮ್ಮಣ್ಣು ಸಿಗದ ಊರಲ್ಲಿ ಏನು ಮಾಡೋದು, ತೊಳೆದು ಬೇಳೆ ಮಾಡಿದರೆ ರುಚಿ ಕೆಡುತ್ತಾ.

ಕಥೆ ಇನ್ನೂ ಮುಗಿದಿಲ್ಲ. ಅದೇ ವರ್ಷ ನಮ್ಮ ಉಪಸಂಪಾದಕರೂ ಬೇಸಾಯದ ಬಗ್ಗೆ ಒಂದು ಲೇಖನ ಬರೆದರು. ಒಂದು ಒತ್ತಕ್ಷರ ತಪ್ಪಿಲ್ಲ, ಒಂದು ದೀರ್ಘ ತಪ್ಪಿಲ್ಲ. ಮುಂಗಾರಿನ ಮೊದಲ ಮಳೆಗೇ ಕಡಲೆ ಬಿತ್ತಿ ಅಂತ ಅದರಲ್ಲಿ ಬರೆದಿದ್ದರು! ಗದಗ, ಧಾರವಾಡ ಕಡೆಯಿಂದ ಕಾರ್ಡುಗಳು ಬಂದವು. "ಸರ, ಕಡಲಿ ಹಿಂಗಾರಿ ಬೆಳಿರೀ, ಮಳಿ ಹಿಂದ ಸರಿದ ಮ್ಯಾಲ ಎರಿ ಹೊಲದಾಗ ಬಿತ್ತೂದು" ಅಂತ. ಆ ಕಾರ್ಡುಗಳಲ್ಲೂ ಕಾಗುಣಿತ ಅಷ್ಟಕ್ಕಷ್ಟೇ. ವಿಷಯ ಮಾತ್ರ ಸರಿ ಇತ್ತು.

ಅದಕ್ಕೇ ನನಗೆ ಪುತ್ತೂರಿನ ಅಡಿಕೆ ಪತ್ರಿಕೆ ಕಂಡರೆ ಗೌರವ. 1988ರಲ್ಲಿ ಶುರುವಾದ ಪತ್ರಿಕೆ. "ಕೃಷಿಕರ ಕೈಗೆ ಲೇಖನಿ" ಅಂತ ರೈತರಿಂದಲೇ ಬರೆಸಿದರು. ಮೊದಲು ಕಾಗುಣಿತ ಕಲಿತು ಬಾ ಅಂದಿದ್ದರೆ ಯಾರು ಬರೆಯುತ್ತಿದ್ದರು?

ಗಡಿಯಾರ ನೋಡಿ ಅಂತ ಒಳಗಿನಿಂದ ಕೈ ತೋರಿಸುತ್ತಿದ್ದಾರೆ. ಬೇಗ ಬೇಗ ಹೇಳಿಬಿಡುತ್ತೇನೆ. 9ನೇ ಶತಮಾನದ ಕವಿರಾಜಮಾರ್ಗದಲ್ಲೇ ನಮ್ಮ ಜನ "ಕುರಿತೋದದೆಯುಂ ಕಾವ್ಯಪ್ರಯೋಗ ಪರಿಣತಮತಿಗಳ್" ಅಂತ ಇದೆ. ಓದದೆಯೂ ಕಾವ್ಯ ಬಲ್ಲವರು ಅಂತ. ಇದನ್ನು ನವೆಂಬರಿನಲ್ಲಿ ವೇದಿಕೆ ಮೇಲೆ ಹೆಮ್ಮೆಯಿಂದ ಹೇಳುವವರೇ ಡಿಸೆಂಬರಿನಲ್ಲಿ ಫ್ಲೆಕ್ಸ್ ನೋಡಿ ನಗುತ್ತಾರೆ. ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ಮಹಾಪ್ರಾಣವೇ ಬೇಡ ಅಂದು ತಮ್ಮ ಹೆಸರನ್ನೇ "ಬಟ್" ಎಂದು ಬರೆದುಕೊಂಡರು. ನನಗೆ ಅದು ಪೂರ್ತಿ ಒಪ್ಪಿಗೆಯಿಲ್ಲ, ದನಕ್ಕೂ ಧನಕ್ಕೂ ವ್ಯತ್ಯಾಸ ಬೇಕು. ಆದರೆ ಅವರನ್ನು ದಡ್ಡರು ಅನ್ನುವ ಧೈರ್ಯ ಯಾರಿಗಿದೆ? ದೊಡ್ಡವರು ಬಿಟ್ಟರೆ ಸಿದ್ಧಾಂತ, ಬಡವರು ಬಿಟ್ಟರೆ ಅಜ್ಞಾನ!

ಇನ್ನು ಪಹಣಿ, ಆಧಾರ್ ವಿಷಯ. ಕಾಗುಣಿತ ನಿಜವಾಗಿಯೂ ಮುಖ್ಯವಾಗುವುದು ಅಲ್ಲಿ. ಒಂದರಲ್ಲಿ ರತ್ನಮ್ಮ, ಇನ್ನೊಂದರಲ್ಲಿ ರತ್ನಮ. ಟೈಪ್ ಮಾಡಿದವರು ಯಾರೋ, ಬಾಂಡ್ ಪೇಪರ್ ಹಿಡಿದು ಅಫಿಡವಿಟ್ಟಿಗೆ ಅಲೆಯುವವರು ರತ್ನಮ್ಮನವರು. ಇದನ್ನು ನೋಡಿ ಮಾತ್ರ ಯಾರೂ "ಕನ್ನಡದ ಕೊಲೆ" ಅನ್ನುವುದಿಲ್ಲ. ಇದರ ಬಗ್ಗೆ ಇನ್ನೂ ಜಾಸ್ತಿ ಹೇಳುವುದಿತ್ತು, ಹೊತ್ತಾಯಿತು. ನಿಮಗೂ ಹೀಗೆ ಆಗಿದ್ದರೆ ನಿಲಯಕ್ಕೆ ಬರೆದು ಕಳಿಸಿ. ಹೇಗೆ ಬರುತ್ತೋ ಹಾಗೇ ಬರೆಯಿರಿ, ತಿದ್ದುವುದಕ್ಕೆ ನಾನಿದ್ದೇನೆ. ನಮಸ್ಕಾರ.