ಮೊದಲು ಎಸ್ಎಂಪಿಎಸ್, ಆಮೇಲೆ ಮಿಕ್ಕಿದ್ದು

ಕೇಳುಗರಿಗೆ ನಮಸ್ಕಾರ. ಅಸೆಂಬಲ್ಡ್ ಕಂಪ್ಯೂಟರ್ ಮಾಡಿಸೋಣ ಅಂತ ಬೆಂಗಳೂರಿನ ಎಸ್.ಪಿ. ರೋಡಿಗೆ ಹೋದೋರು ಪ್ರೊಸೆಸರ್ ಯಾವ್ದು, ಗ್ರಾಫಿಕ್ಸ್ ಕಾರ್ಡ್ ಯಾವ್ದು ಅಂತ ಗಂಟೆಗಟ್ಲೆ ವಿಚಾರಿಸ್ತಾರೆ, ಎಸ್ಎಂಪಿಎಸ್, ಅಂದ್ರೆ ಒಳಗಿನ ಪಾರ್ಟುಗಳಿಗೆಲ್ಲ ಕರೆಂಟ್ ಕೊಡೋ ಪವರ್ ಸಪ್ಲೈ ಡಬ್ಬಾ, ಅದರ ಮಾತು ಬಂದ್ರೆ ಮಾತ್ರ ಅಯ್ಯೋ ಯಾವ್ದೋ ಒಂದು ಹಾಕ್ಬಿಡಿ ಸಾರ್, ಕ್ಯಾಬಿನೆಟ್ ಜೊತೆ ಬರುತ್ತಲ್ಲ ಅದೇ ಸಾಕು ಅಂತಾರೆ. ವರ್ಷಾನುಗಟ್ಲೆ ತಂಟೆ ಇಲ್ದೆ ಓಡ್ಬೇಕಾ, ಹಾಗಾದ್ರೆ ಮೊದಲು ನೋಡ್ಬೇಕಾದ್ದು ಆ ಡಬ್ಬಾನೇ.

ಅದರ ಪಕ್ಕ ಲೇಬಲ್ ಇರುತ್ತೆ. ದಪ್ಪಕ್ಷರದಲ್ಲಿ 450 ವ್ಯಾಟ್ ಅಂತ ಹಾಕಿರೋದನ್ನ ಬಿಟ್ಹಾಕಿ, ಕೆಳಗೆ ಸಣ್ಣದಾಗಿ 12 ವೋಲ್ಟ್ ಅಂತಿರೋ ಕಡೆ ಎಷ್ಟು ಆಂಪ್ಸ್ ಅಂತ ನೋಡಿ, 16 ಅಂತಿದ್ರೆ 12 ಇಂಟು 16, ಬರೀ 192 ವ್ಯಾಟ್! ಪ್ರೊಸೆಸರ್ರು, ಗ್ರಾಫಿಕ್ಸ್ ಕಾರ್ಡು ಎರಡೂ ಹೆಚ್ಚೂಕಮ್ಮಿ ಆ 12 ವೋಲ್ಟ್ ಮೇಲೇ ನಡೆಯೋದು, ಉಳಿದಿದ್ದೆಲ್ಲ ಶೋಕಿ. 80 ಪ್ಲಸ್ ಸ್ಟಿಕರ್ ಇದ್ರೆ ಒಳ್ಳೇದೇ, ಆದ್ರೆ ಅದು ಕರೆಂಟ್ ಜಾಸ್ತಿ ಪೋಲಾಗಲ್ಲ ಅನ್ನೋದಕ್ಕೆ ಮಾತ್ರ, ಶಾರ್ಟ್ ಆದಾಗ ಬೋರ್ಡನ್ನ ಉಳಿಸುತ್ತೆ ಅನ್ನೋದಕ್ಕಲ್ಲ.

ಇನ್ನು ಕ್ಯಾಬಿನೆಟ್ ಮುಟ್ಟಿದ್ರೆ ಜುಮ್ ಅನ್ನೋ ಮನೆಗಳು ಎಷ್ಟಿಲ್ಲ! ಎಸ್ಎಂಪಿಎಸ್ ಒಳಗಿರೋ ಫಿಲ್ಟರ್ ಕೆಪಾಸಿಟರ್‌ಗಳು ಫೇಸ್, ನ್ಯೂಟ್ರಲ್ ಎರಡರಿಂದ್ಲೂ ಕ್ಯಾಬಿನೆಟ್ಟಿನ ಲೋಹಕ್ಕೆ ಸೇರ್ಕೊಂಡಿರ್ತವೆ, ಅರ್ಥಿಂಗ್ ಇಲ್ಲ ಅಂದ್ರೆ 230 ವೋಲ್ಟಲ್ಲಿ ಸುಮಾರು ಅರ್ಧದಷ್ಟು ಆ ಲೋಹದ ಮೇಲೇ ಕೂತಿರುತ್ತೆ, ಟೆಸ್ಟರ್ ಇಟ್ರೆ ಮಿಣುಕುತ್ತೆ. ಹರಿಯೋ ಕರೆಂಟ್ ತೀರಾ ಕಮ್ಮಿ, ಅದಕ್ಕೇ ಜನ ಅಭ್ಯಾಸ ಮಾಡ್ಕೊಂಡು ರಬ್ಬರ್ ಚಪ್ಪಲಿ ಹಾಕ್ಕೊಂಡು ಕೂರ್ತಾರೆ (ಇದೂ ಒಂದು ಪರಿಹಾರಾನಾ!). ಎಲೆಕ್ಟ್ರಿಷಿಯನ್ ಕರೆಸಿ ಮೊದಲು ಅರ್ಥಿಂಗ್ ಸರಿ ಮಾಡಿಸಿ, ಯುಪಿಎಸ್ ಆಮೇಲೆ ತಗೊಳ್ಳಿ. ಮನೇಲಿ ಇನ್ವರ್ಟರ್ ಇದ್ರೆ ಅದರಲ್ಲಿ ಯುಪಿಎಸ್ ಮೋಡ್ ಸ್ವಿಚ್ ಇದೆಯಾ ನೋಡಿ, ನಾರ್ಮಲ್ ಮೋಡಲ್ಲಿಟ್ರೆ ಕರೆಂಟ್ ಹೋದಾಗ ಬ್ಯಾಟರಿಗೆ ಬದಲಾಗೋದು ನಿಧಾನ, ಅಷ್ಟರಲ್ಲಿ ಕಂಪ್ಯೂಟರ್ ಆಫ್ ಆಗಿರುತ್ತೆ.

ರ‍್ಯಾಮ್ ಎರಡು ಹಾಕೋದಾದ್ರೆ ಒಂದೇ ಪ್ಯಾಕಿನ ಜೋಡಿ ತಗೊಳ್ಳಿ. ವಿಂಡೋಸ್ ಹಾಕೋಕೆ ಮುಂಚೆ ಪೆನ್ ಡ್ರೈವಲ್ಲಿ ಮೆಮ್‌ಟೆಸ್ಟ್86 ಅನ್ನೋ ರ‍್ಯಾಮ್ ಪರೀಕ್ಷೆ ಮಾಡೋ ಪ್ರೋಗ್ರಾಂ ಹಾಕಿ ರಾತ್ರಿಯೆಲ್ಲಾ ಓಡಿಸ್ಬಿಡಿ, ಬೆಳಿಗ್ಗೆ ಒಂದೇ ಒಂದು ಕೆಂಪು ಎರರ್ ಕಂಡ್ರೂ ಅಂಗಡಿಗೆ ವಾಪಸ್ ತಗೊಂಡೋಗಿ, ನೋಡೋಣ ಅಂತ ಬಿಟ್ರೆ ಫೈಲ್‌ಗಳು ಸದ್ದಿಲ್ದೆ ಕೆಡ್ತಾ ಹೋಗ್ತವೆ.

ಬಿಲ್ಲಲ್ಲಿ ಪ್ರತಿ ಪಾರ್ಟಿನ ಸೀರಿಯಲ್ ನಂಬರ್ ಬರೆಸ್ಕೊಳ್ಳಿ, ಕಂಪನಿ ಡಬ್ಬಾ ಸಮೇತ ಬರೋ ಬಾಕ್ಸ್ ಪ್ರೊಸೆಸರ್‌ಗೆ ಸಾಮಾನ್ಯವಾಗಿ 3 ವರ್ಷ ವಾರಂಟಿ ಇರುತ್ತೆ. ಥರ್ಮಲ್ ಪೇಪರ್ ಬಿಲ್ಲಾದ್ರೆ ಅವತ್ತೇ ಫೋಟೋ ತೆಗ್ದಿಡಿ, ಅದರ ಅಕ್ಷರ ಅಷ್ಟು ದಿನ ನಿಲ್ಲಲ್ಲ.