ಮಕ್ಕಳ ಮುಖ ಯಾರ ಕಡೆಗೆ?

ನಮಸ್ಕಾರ. ಇವತ್ತು ಪ್ರಾಥಮಿಕ ಶಾಲೆಯ ಮಕ್ಕಳಿಗೆ ಕುಣಿತ ಕಲಿಸುವ ಬಗ್ಗೆ ಮಾತಾಡೋಣ. ನನ್ನ ಅಭಿಪ್ರಾಯ ಕೆಲವರಿಗೆ ಹಿಡಿಸಲಿಕ್ಕಿಲ್ಲ. ಪರವಾಗಿಲ್ಲ, ಕೇಳಿಸಿಕೊಂಡು ಆಮೇಲೆ ಬೈಯಿರಿ.

ಶಾಲೆಯಲ್ಲಿ ಜನಪದ ನೃತ್ಯ ಅಂದ ತಕ್ಷಣ ಏನಾಗುತ್ತದೆ? ಒಂದು ಹಾಡು ಆರಿಸುತ್ತಾರೆ. ಮಕ್ಕಳನ್ನು ಮೂರು ಸಾಲು ನಿಲ್ಲಿಸುತ್ತಾರೆ. ಚೆನ್ನಾಗಿ ಕುಣಿಯುವವರು ಮುಂದೆ, ತಡವರಿಸುವವರು ಹಿಂದೆ. ಎಲ್ಲರ ಮುಖವೂ ಪ್ರೇಕ್ಷಕರ ಕಡೆಗೆ. ಟೀಚರ್ ವೇದಿಕೆಯ ಕೆಳಗೆ ನಿಂತು ಕೈಯಾಡಿಸುತ್ತಾರೆ, ಮಕ್ಕಳು ಅವರನ್ನೇ ನೋಡಿಕೊಂಡು ಕೈಯಾಡಿಸುತ್ತಾರೆ. ಐದು ನಿಮಿಷ. ಚಪ್ಪಾಳೆ, ಫೋಟೋ, ಬಟ್ಟೆ ವಾಪಸ್.

ನನ್ನ ತಕರಾರು ಹಾಡಿನ ಮೇಲಲ್ಲ, ಬಟ್ಟೆಯ ಮೇಲೂ ಅಲ್ಲ. ಆ ಮೂರು ಸಾಲಿನ ಮೇಲೆ. ಜನ ತಮಗಾಗಿ ಕುಣಿಯುತ್ತಿದ್ದ ಎಷ್ಟೋ ಕುಣಿತಗಳಲ್ಲಿ ಪ್ರೇಕ್ಷಕರ ಕಡೆ ಮುಖ ಮಾಡುವ ಪದ್ಧತಿಯೇ ಇಲ್ಲ. ಕೋಲಾಟದಲ್ಲಿ ನಾನು ನಿನ್ನನ್ನು ನೋಡಬೇಕು, ನೀನು ನನ್ನನ್ನು ನೋಡಬೇಕು. ಗುಜರಾತಿನ ಗರ್ಬಾದಲ್ಲಿ ನಡುವೆ ದೀಪ ಅಥವಾ ದೇವಿ, ಸುತ್ತ ಜನ. 2023ರಲ್ಲಿ ಯುನೆಸ್ಕೋ ತನ್ನ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಇದೇ ಗರ್ಬಾವನ್ನು. ರೊಮೇನಿಯಾದ ಹೋರಾ ಕೂಡ ಕೈಕೈ ಹಿಡಿದ ಸುತ್ತು. ಇವನ್ನೆಲ್ಲ ತಂದು ಸಾಲಾಗಿ ನಿಲ್ಲಿಸಿ ಮುಖ ಹೊರಗೆ ತಿರುಗಿಸಿದರೆ ಹೆಜ್ಜೆ ಉಳಿಯಬಹುದು. ಆ ಹೆಜ್ಜೆ ಯಾಕೆ ಹಾಗಿತ್ತು ಅನ್ನುವುದು ಮಾತ್ರ ಮಗುವಿಗೆ ಎಂದೂ ಗೊತ್ತಾಗುವುದಿಲ್ಲ.

ಸಾರ್ದಾನಾ ಅಂತ ಒಂದು ಕುಣಿತ ಇದೆ. ಸ್ಪೇನ್ ದೇಶದ ಕ್ಯಾಟಲೋನಿಯಾದ್ದು. ಬಾರ್ಸಿಲೋನಾದ ದೊಡ್ಡ ಚರ್ಚಿನ ಎದುರಿನ ಚೌಕದಲ್ಲಿ ಜನ ಸುಮ್ನೆ ಬಂದು ಸೇರುತ್ತಾರೆ. ಕೈಚೀಲ, ಕೋಟು ಎಲ್ಲವನ್ನೂ ನಡುವೆ ನೆಲದ ಮೇಲೆ ಗುಡ್ಡೆ ಹಾಕಿ, ಅದರ ಸುತ್ತ ಕೈ ಹಿಡಿದು ನಿಲ್ಲುತ್ತಾರೆ. ಗೊತ್ತಿಲ್ಲದವರೂ ಬಂದು ಸೇರಬಹುದು, ಸುತ್ತು ದೊಡ್ಡದಾಗುತ್ತಾ ಹೋಗುತ್ತದೆ. ವಾದ್ಯದವರು ಹನ್ನೊಂದು ಜನ, ವಾದ್ಯ ಹನ್ನೆರಡು. ಒಬ್ಬರು ಒಂದು ಕೈಯಲ್ಲಿ ಪುಟ್ಟ ಕೊಳಲು ಹಿಡಿದು ಇನ್ನೊಂದು ಕೈಯಲ್ಲಿ ಸಣ್ಣ ಡೋಲು ಬಡಿಯುತ್ತಾರೆ, ಅದಕ್ಕೆ ಆ ಲೆಕ್ಕ.

ಹೊರಗಿನಿಂದ ನೋಡಿದರೆ ಈ ಕುಣಿತ ಬಹಳ ಸಪ್ಪೆ. ನಿಜ ಹೇಳಬೇಕು ಅಂದರೆ ವಿಡಿಯೋ ನೋಡುತ್ತಾ ಆಕಳಿಕೆ ಬರುತ್ತದೆ. ಒಳಗೆ ನಿಂತವರ ತಲೆಯಲ್ಲಿ ಮಾತ್ರ ಭರ್ಜರಿ ಕೆಲಸ ನಡೆದಿರುತ್ತದೆ. ಅದರಲ್ಲಿ ಗಿಡ್ಡ ಹೆಜ್ಜೆ, ಉದ್ದ ಹೆಜ್ಜೆ ಅಂತ ಎರಡು ಬಗೆ. ಗಿಡ್ಡ ಹೆಜ್ಜೆಗೆ ಕೈ ಕೆಳಗೆ, ಉದ್ದ ಹೆಜ್ಜೆಗೆ ಕೈ ಮೇಲೆ. ಪ್ರತಿ ಹಾಡಿನಲ್ಲೂ ಲೆಕ್ಕ ಬೇರೆ. ಹಾಡು ನಿಂತಾಗ ಸರಿಯಾಗಿ ಹೆಜ್ಜೆಯೂ ಮುಗಿಯಬೇಕಾದರೆ ಸುತ್ತಿನಲ್ಲಿ ಯಾರಾದರೂ ಒಬ್ಬರು ಎಣಿಸುತ್ತಲೇ ಇರಬೇಕು, ಉಳಿದವರಿಗೆ ಸನ್ನೆ ಕೊಡಬೇಕು. ಮೂರನೇ ಕ್ಲಾಸಿನ ಮಗುವಿಗೆ ಇದಕ್ಕಿಂತ ಒಳ್ಳೆಯ ಮಗ್ಗಿ ಪಾಠ ಇದೆಯಾ? ತಪ್ಪಿದರೆ ಕೆಂಪು ಗೀಟು ಬೀಳುವುದಿಲ್ಲ. ಹಾಡು ನಿಂತಿರುತ್ತದೆ, ಕಾಲು ಗಾಳಿಯಲ್ಲಿರುತ್ತದೆ, ಎಲ್ಲರೂ ನಗುತ್ತಾರೆ.

ಗ್ರೀಸಿನ ಕಲಮಟಿಯಾನೋಸ್ ಇನ್ನೊಂದು. ಅದೂ ಸುತ್ತು, ಆದರೆ ಒಂದು ಕಡೆ ತೆರೆದಿರುತ್ತದೆ. ಮುಂದಾಳು ಕರವಸ್ತ್ರ ಹಿಡಿದು ನಡೆಸುತ್ತಾನೆ. ಹನ್ನೆರಡು ಹೆಜ್ಜೆ. ತಾಳ ಏಳರದ್ದು: ಮೂರು, ಎರಡು, ಎರಡು. ಪಾಶ್ಚಾತ್ಯ ಸಂಗೀತ ಕಲಿತ ಎಷ್ಟೋ ಮಂದಿ ಈ ಏಳರ ಮುಂದೆ ಮುಗ್ಗರಿಸುತ್ತಾರೆ. ಕರ್ನಾಟಕ ಸಂಗೀತ ಕೇಳಿದವರಿಗೆ ಇದು ಮನೆ ಮಾತು. ಮಿಶ್ರಛಾಪು, ತಕಿಟ ತಕದಿಮಿ, ಅಷ್ಟೇ ಅಲ್ವಾ? ಮಕ್ಕಳ ಬಾಯಲ್ಲಿ ತಕಿಟ ತಕದಿಮಿ ಹೇಳಿಸಿ, ಕಾಲಲ್ಲಿ ಗ್ರೀಕ್ ಹೆಜ್ಜೆ ಹಾಕಿಸಿ. ಗ್ರೀಸಿನ ಬಗ್ಗೆ ಒಂದು ಪುಟ ಓದಿಸಿದರೂ ಇಷ್ಟು ಒಳಗೆ ಇಳಿಯುವುದಿಲ್ಲ.

ಈಗ ಕೋಲಾಟಕ್ಕೆ ಬರುತ್ತೇನೆ. ಪುಟ್ಟ ಮಕ್ಕಳಿಗೆ ಒಂದೇ ಒಂದು ಕುಣಿತ ಕಲಿಸುತ್ತೇವೆ ಅಂದರೆ ನಾನು ಆರಿಸುವುದು ಇದನ್ನೇ. ಮೊದಲ ದಿನ ಕೋಲು ಕೊಡಬೇಡಿ. ಎದುರುಬದುರು ನಿಲ್ಲಿಸಿ ಬರಿಗೈ ಚಪ್ಪಾಳೆ ಹಾಕಿಸಿ: ತನ್ನ ಕೈ, ಎದುರಿನವರ ಬಲಗೈ, ಮತ್ತೆ ತನ್ನ ಕೈ, ಎದುರಿನವರ ಎಡಗೈ. ಇದು ಕೂತ ಮೇಲೆ ಹಳೇ ಪೇಪರನ್ನು ಬಿಗಿಯಾಗಿ ಸುತ್ತಿ ಟೇಪ್ ಹಚ್ಚಿ ಕೊಡಿ. ಪೇಪರಿನ ಕೋಲು ಗೆಣ್ಣಿಗೆ ಬಿದ್ದರೂ ನೋವಾಗುವುದಿಲ್ಲ. ಮೂರ್ನಾಲ್ಕು ವಾರದ ಮೇಲೆ ಮರದ ಕೋಲು. ತುದಿಯ ಹತ್ತಿರ ಸಡಿಲವಾಗಿ ಹಿಡಿಯಬೇಕು, ಎದೆಯ ಮಟ್ಟದಲ್ಲಿ ತಾಗಿಸಬೇಕು, ಭುಜದಿಂದ ಬೀಸಬಾರದು. ಕಣ್ಣು ಎದುರಿನವರ ಕೋಲಿನ ಮೇಲಿರಬೇಕು.

ಆಗ ಒಂದು ಮಜಾ ಆಗುತ್ತದೆ. ಹತ್ತು ಜೋಡಿ ಒಟ್ಟಿಗೆ ಹೊಡೆದರೆ ಒಂದೇ ಸದ್ದು, ಟಕ್. ಒಬ್ಬರು ತಡ ಮಾಡಿದರೆ ಟಟಕ್. ಇಡೀ ಕ್ಲಾಸಿಗೆ ಅದು ಕೇಳಿಸುತ್ತದೆ. ಟೀಚರ್ ಯಾರ ಹೆಸರನ್ನೂ ಕೂಗಬೇಕಾಗಿಲ್ಲ. ತಡವಾದ ಮಗು ತಾನೇ ಎದುರಿನವರ ಕೈ ನೋಡಿ ಸರಿಮಾಡಿಕೊಳ್ಳುತ್ತದೆ. ವೇದಿಕೆಯ ಸಾಲಿನಲ್ಲಿ ಇದು ಆಗುವುದೇ ಇಲ್ಲ. ಅಲ್ಲಿ ಹಿಂದಿನ ಸಾಲಿನ ಮಗು ತಪ್ಪಿದರೆ ಗೊತ್ತಾಗುವುದು ಟೀಚರಿಗೆ, ಆಮೇಲೆ ವಿಡಿಯೋ ನೋಡಿದ ಅಪ್ಪ ಅಮ್ಮನಿಗೆ.

ಕೋಲಾಟ ಕಲಿತ ಮಕ್ಕಳಿಗೆ ಒಂದು ಮಾತು ಹೇಳಿ: ಕೋಲು ಹಿಡಿದು ಕುಣಿಯುವವರು ನಾವೊಬ್ಬರೇ ಅಲ್ಲ. ಇಂಗ್ಲೆಂಡಿನ ಮಾರಿಸ್ ಕುಣಿತದಲ್ಲಿ ಕಾಲಿಗೆ ಗೆಜ್ಜೆ ಕಟ್ಟಿಕೊಂಡು ಕೋಲು ತಾಗಿಸುತ್ತಾರೆ. ಪೋರ್ಚುಗಲ್ಲಿನ ಮಿರಾಂಡದಲ್ಲಿ ಗಂಡಸರು ಗಿಡ್ಡ ಕೋಲು ಹಿಡಿದು ಕುಣಿಯುತ್ತಾರೆ. ನಮ್ಮ ಜಡೆ ಕೋಲಾಟದಲ್ಲಿ ಮೇಲಿಂದ ಇಳಿಬಿಟ್ಟ ಹಗ್ಗಗಳನ್ನು ಕುಣಿಯುತ್ತಲೇ ಜಡೆ ಹೆಣೆದು, ಉಲ್ಟಾ ಕುಣಿದು ಬಿಚ್ಚುತ್ತಾರಲ್ಲ, ಇಂಗ್ಲೆಂಡಿನಲ್ಲಿ ಮೇ ತಿಂಗಳ ಹಬ್ಬಕ್ಕೆ ನೆಡುವ ಮೇ ಕಂಬದ ಸುತ್ತ ರಿಬ್ಬನ್ ಹೆಣೆಯುವುದೂ ಹೆಚ್ಚುಕಡಿಮೆ ಅದೇ. ಆ ರಿಬ್ಬನ್ ಕುಣಿತ ಶಾಲೆಗಳಲ್ಲಿ ಹರಡಿದ್ದಕ್ಕೆ ಒಂದು ಕಥೆ ಇದೆ. 1881ರಲ್ಲಿ ಲಂಡನ್ನಿನ ವೈಟ್‌ಲ್ಯಾಂಡ್ಸ್ ಕಾಲೇಜಿನಲ್ಲಿ ಲೇಖಕ ಜಾನ್ ರಸ್ಕಿನ್ ಪ್ರೇರಣೆಯಿಂದ ಮೇ ಹಬ್ಬ ಶುರುವಾಯಿತು. ಅದು ಶಿಕ್ಷಕಿಯರ ತರಬೇತಿ ಕಾಲೇಜು. ಅಲ್ಲಿ ಓದಿದವರು ಹೋದ ಹೋದ ಶಾಲೆಗೆ ಅದನ್ನು ಒಯ್ದರು. ಅನಾದಿ ಕಾಲದ್ದು ಅಂತ ಕಾಣುವ ಸಂಪ್ರದಾಯದಲ್ಲಿ ಟೀಚರುಗಳ ಕೈವಾಡವೂ ಇರುತ್ತದೆ! ಮಕ್ಕಳಿಗೆ ಇದು ಬಹಳ ಖುಷಿ ಕೊಡುವ ಸುದ್ದಿ.

ಹೆಜ್ಜೆ ಬಿಟ್ಟು ಬರೀ ಚಲನೆಯ ಬಗ್ಗೆ ಎರಡು ಮಾತು. ರುಡಾಲ್ಫ್ ಲಾಬಾನ್ ಅಂತ ಒಬ್ಬ ನೃತ್ಯ ಚಿಂತಕ ಇದ್ದ. ಜರ್ಮನಿಯಲ್ಲಿ ಹೆಸರು ಮಾಡಿ 1938ರಲ್ಲಿ ಇಂಗ್ಲೆಂಡಿಗೆ ಬಂದ. ಎರಡನೇ ಮಹಾಯುದ್ಧದ ನಂತರ ಅಲ್ಲಿನ ಶಾಲೆಗಳ ಚಲನೆಯ ಪಾಠಗಳ ಮೇಲೆ ಅವನ ಪ್ರಭಾವ ಜಾಸ್ತಿ. ಯಾವ ಚಲನೆಯನ್ನಾದರೂ ನಾಲ್ಕು ಕಡೆಯಿಂದ ನೋಡಿ ಅಂದ: ತೂಕ, ಸಮಯ, ಜಾಗ, ಹರಿವು. ಕೇಳಲು ದೊಡ್ಡ ಸಿದ್ಧಾಂತ, ಕ್ಲಾಸಿನಲ್ಲಿ ಬಹಳ ಸುಲಭ. ಡೊಳ್ಳು ಕುಣಿತದ ಹೆಜ್ಜೆ ಹಾಕಿಸಿ, ಮೊಣಕಾಲು ಬಗ್ಗಿಸಿ ಭಾರವೆಲ್ಲ ನೆಲಕ್ಕೆ. ಆಮೇಲೆ ಬ್ಯಾಲೆಯ ಒಂದು ಹೆಜ್ಜೆ, ಹಿಮ್ಮಡಿ ಎತ್ತಿ ನೆಲ ಬಿಟ್ಟು ಮೇಲಕ್ಕೆ. ಎರಡರಲ್ಲಿ ಮೈ ಎಲ್ಲಿ ಭಾರ ಅನಿಸಿತು ಅಂತ ಕೇಳಿ. ಏಳು ವರ್ಷದ ಮಗು ಸರಿಯಾಗಿ ಹೇಳುತ್ತದೆ. ಡೊಳ್ಳಿನ ಭಾರ ಹೊಟ್ಟೆಯ ಮುಂದೆ ತೂಗುತ್ತಿರುವಾಗ ಮೊಣಕಾಲು ಬಗ್ಗದೆ ಗತಿಯಿಲ್ಲ ಅನ್ನುವುದನ್ನೂ ತಾನೇ ಕಂಡುಕೊಳ್ಳುತ್ತದೆ.

ಒಡಿಶಾ, ಜಾರ್ಖಂಡ್, ಬಂಗಾಳದ ಛಾವು ಕುಣಿತ ಇದಕ್ಕೆ ಇನ್ನೂ ಒಳ್ಳೆಯ ಪಾಠ. ಅದರಲ್ಲಿ ಕತ್ತಿವರಸೆಯಂಥ ನಡೆ ಇದೆ, ಹಕ್ಕಿ ಪ್ರಾಣಿಗಳ ನಡಿಗೆ ಇದೆ, ಹಳ್ಳಿಯ ಹೆಂಗಸರ ಮನೆಗೆಲಸದಿಂದ ಹುಟ್ಟಿದ ಚಲನೆಗಳೂ ಇವೆ. ಮಕ್ಕಳಿಗೆ ಹೆಜ್ಜೆ ಹೇಳಿಕೊಡುವ ಮೊದಲು ಕಸ ಗುಡಿಸುವಂತೆ ನಟಿಸಲು ಹೇಳಿ. ಅದನ್ನೇ ನಿಧಾನ ಮಾಡಿ, ದೊಡ್ಡದು ಮಾಡಿ, ತಾಳಕ್ಕೆ ಕೂರಿಸಿ. ಕೆಲಸ ಎಲ್ಲಿ ಮುಗಿಯಿತು, ಕುಣಿತ ಎಲ್ಲಿ ಶುರುವಾಯಿತು ಅಂತ ಅವರೇ ಜಗಳವಾಡಲಿ.

ಇನ್ನು ಕಥೆ. ಕುಣಿತದ ಹಿಂದಿನ ಕಥೆ ಹೇಳದೆ ಹೆಜ್ಜೆ ಮಾತ್ರ ಕಲಿಸುವುದು ನನಗೆ ಸೇರುವುದಿಲ್ಲ. ನ್ಯೂಜಿಲೆಂಡಿನ ಮಾವೋರಿ ಜನರ ಹಾಕಾ ಗೊತ್ತಲ್ಲ? ರಗ್ಬಿ ಪಂದ್ಯಕ್ಕೆ ಮುಂಚೆ ತೊಡೆ ತಟ್ಟಿ, ಕಣ್ಣರಳಿಸಿ, ನಾಲಗೆ ಚಾಚಿ ಅಬ್ಬರಿಸುವುದು. ಎಷ್ಟೋ ಮಕ್ಕಳಿಗೆ ಹಾಕಾ ಅಂದರೆ ಅಷ್ಟೇ, ಹೆದರಿಸುವ ಕುಣಿತ. ಮದುವೆಗೂ ಹಾಕಾ ಇದೆ, ಸಾವಿಗೂ ಇದೆ, ಅತಿಥಿಗಳನ್ನು ಸ್ವಾಗತಿಸಲೂ ಇದೆ. ಹೆಂಗಸರೂ ಮಾಡುತ್ತಾರೆ. ಎಲ್ಲಕ್ಕಿಂತ ಪ್ರಸಿದ್ಧವಾದ 'ಕಾ ಮಾಟೆ' ಕಟ್ಟಿದವನು ಮಾವೋರಿ ನಾಯಕ ಟೆ ರೌಪರಾಹಾ, ಸುಮಾರು 1820ರಲ್ಲಿ. ವೈರಿಗಳು ಬೆನ್ನಟ್ಟಿದಾಗ ಗೆಣಸು ಕೂಡಿಡುವ ಗುಂಡಿಯಲ್ಲಿ ಅಡಗಿದ್ದ, ಬದುಕಿ ಮೇಲೆ ಬಂದಾಗ ಹುಟ್ಟಿದ್ದು ಇದು ಅಂತ ಅವನ ನ್ಗಾತಿ ತೋವಾ ಜನ ಹೇಳುತ್ತಾರೆ. ಅಂದರೆ ಇದು ಜೀವ ಉಳಿದವನ ಕುಣಿತ. ಈ ಕಥೆ ಕೇಳಿದ ಮಗುವಿನ ತೊಡೆ ತಟ್ಟುವ ರೀತಿಯೇ ಬೇರೆಯಾಗುತ್ತದೆ. ಇನ್ನೊಂದು ವಿಷಯ: 2014ರಲ್ಲಿ ನ್ಯೂಜಿಲೆಂಡ್ ಇದಕ್ಕೆಂದೇ ಒಂದು ಕಾನೂನು ಮಾಡಿತು. ಇದನ್ನು ವ್ಯಾಪಾರಕ್ಕೆ ಬಳಸುವವರು ಕಟ್ಟಿದವನ ಹೆಸರನ್ನೂ ಅವನ ಜನರ ಹೆಸರನ್ನೂ ಹೇಳಬೇಕು. ಕುಣಿತಕ್ಕೂ ಯಜಮಾನರಿರುತ್ತಾರೆ ಅಂತ ಮಕ್ಕಳಿಗೆ ಹೇಳಿಕೊಡಲು ಇಷ್ಟು ಸಾಕು.

ಕುಣಿದದ್ದಕ್ಕೆ ಶಿಕ್ಷೆ ಅನುಭವಿಸಿದವರೂ ಇದ್ದಾರೆ. ಹವಾಯಿ ದ್ವೀಪಗಳಲ್ಲಿ ರಾಣಿ ಕಾಅಹುಮಾನು 1830ರಲ್ಲಿ ಹುಲಾ ಕುಣಿತವನ್ನು ಬಹಿರಂಗವಾಗಿ ಮಾಡಬಾರದು ಅಂದಳು. 1883ರಲ್ಲಿ ರಾಜ ಕಲಾಕಾವುವಾ ತನ್ನ ಪಟ್ಟಾಭಿಷೇಕಕ್ಕೆ ಅದೇ ಹುಲಾವನ್ನು ಎಲ್ಲರೆದುರು ಕುಣಿಸಿದ. ಅದೇ 1883ರಲ್ಲಿ ಅಮೆರಿಕ ಸರ್ಕಾರ ತನ್ನ ನೆಲದ ಮೂಲನಿವಾಸಿಗಳ ಮೇಲೆ ನಿಯಮ ಹೊರಿಸಿ ಅವರ ಆರಾಧನೆಯಾದ ಸೂರ್ಯ ನೃತ್ಯವನ್ನು ಅಪರಾಧ ಮಾಡಿತು. ಕುಣಿದರೆ ರೇಷನ್ ಕಟ್! ಇಂಥದ್ದನ್ನೆಲ್ಲ ಮಕ್ಕಳಿಗೆ ಹೇಳುವುದು ಬೇಡ ಅನ್ನುವವರಿದ್ದಾರೆ. ನಾಲ್ಕು, ಐದನೇ ಕ್ಲಾಸಿನ ಮಕ್ಕಳಿಗೆ ಧಾರಾಳವಾಗಿ ಹೇಳಬಹುದು. ನ್ಯಾಯ ಅನ್ಯಾಯದ ವಿಷಯದಲ್ಲಿ ಅವರು ನಮಗಿಂತ ಚುರುಕು.

ಕೆಲವನ್ನು ಕಲಿಸಲೇಬಾರದು ಅಂತಲೂ ನನ್ನ ಅಭಿಪ್ರಾಯ. ಭೂತಕೋಲ ಆರಾಧನೆ. ಸೂರ್ಯ ನೃತ್ಯವೂ ಅಷ್ಟೇ. ಅವುಗಳ ಬಗ್ಗೆ ಮಾತಾಡಿ, ಗೌರವದಿಂದ ನೋಡುವುದನ್ನು ಕಲಿಸಿ. ಮಗುವಿನ ಮುಖಕ್ಕೆ ಬಣ್ಣ ಬಳಿದು ಅಣಕು ಆವೇಶ ಬರಿಸಬೇಡಿ. ಹಾಗೇ ಹಕ್ಕಿ ಪುಕ್ಕದ ಕಿರೀಟ ಬಾಡಿಗೆಗೆ ತರುವುದನ್ನೂ ಬಿಡಿ. ಅಮೆರಿಕದ ಎಷ್ಟೋ ಮೂಲನಿವಾಸಿ ಬುಡಕಟ್ಟುಗಳಲ್ಲಿ ಅದು ಸಂಪಾದಿಸಿ ಪಡೆಯುವ ಗೌರವ.

ಪ್ರೇಕ್ಷಕರಿಗೆಂದೇ ಬೆಳೆದ ಕುಣಿತಗಳೂ ಇವೆಯಲ್ಲ ಅಂತ ನೀವು ಕೇಳಬಹುದು. ಇವೆ. ಕಥಕಳಿ ಇದೆ, ಯಕ್ಷಗಾನ ಇದೆ. ಬ್ಯಾಲೆಗೆ ಫ್ರಾನ್ಸಿನ ದೊರೆ ಹದಿನಾಲ್ಕನೇ ಲೂಯಿ 1661ರಲ್ಲೇ ಅಕಾಡೆಮಿ ಕಟ್ಟಿಸಿದ, ಅದು ಅರಮನೆಯಲ್ಲಿ ಬೆಳೆದದ್ದು. ಇವುಗಳಲ್ಲಿ ಮುಖ ಹೊರಗೆ ತಿರುಗಿರುವುದೇ ಸರಿ. ಈ ಫರಕು ಮಕ್ಕಳಿಗೂ ಗೊತ್ತಾಗಲಿ ಅನ್ನುವುದಷ್ಟೇ ನನ್ನ ಮಾತು. ಪ್ರತಿ ಹೊಸ ಕುಣಿತಕ್ಕೆ ಮೊದಲ ಪ್ರಶ್ನೆ ಇದೇ ಇರಲಿ: ಇದರಲ್ಲಿ ಯಾರು ಯಾರನ್ನು ನೋಡುತ್ತಾರೆ?

ಸರಿ, ವಾರ್ಷಿಕೋತ್ಸವದ ಗತಿ ಏನು? ಅಪ್ಪ ಅಮ್ಮನಿಗೆ ಮಗುವಿನ ಮುಖ ಕಾಣಬೇಕು, ಅದು ತಪ್ಪಲ್ಲ. ಹಾಗಾದರೆ ಕುಣಿತವನ್ನು ವೇದಿಕೆಯಿಂದ ಮೈದಾನಕ್ಕೆ ಇಳಿಸಿ. ಮಕ್ಕಳು ನಡುವೆ ಸುತ್ತು ಕಟ್ಟಲಿ, ಅಪ್ಪ ಅಮ್ಮ ಸುತ್ತಲೂ ನಿಲ್ಲಲಿ. ಸುತ್ತು ತಿರುಗುತ್ತದೆ, ಎಲ್ಲರ ಮಗುವೂ ಎಲ್ಲರ ಎದುರಿಗೆ ಒಮ್ಮೆ ಬಂದೇ ಬರುತ್ತದೆ. ಹಿಂದಿನ ಸಾಲು ಅನ್ನುವುದೇ ಇರುವುದಿಲ್ಲ. ಕೊನೆಯ ಹಾಡಿಗೆ ದೊಡ್ಡವರನ್ನೂ ಒಳಗೆ ಎಳೆದುಕೊಳ್ಳಿ. ಫೋಟೋ ತೆಗೆಯಲು ಯಾರೂ ಉಳಿಯುವುದಿಲ್ಲ ಅನ್ನುವುದೊಂದೇ ತೊಂದರೆ.

ಟೀಚರುಗಳಿಗೆ ಒಂದು ಮಾತು. ನನಗೆ ಕುಣಿಯಲು ಬರುವುದಿಲ್ಲ ಸಾರ್, ಯೂಟ್ಯೂಬ್ ಹಾಕಿಬಿಡುತ್ತೇನೆ ಅನ್ನುವವರೇ ಜಾಸ್ತಿ. ಪರದೆ ಹಾಕಿದ ಕೂಡಲೇ ಮಕ್ಕಳೆಲ್ಲ ಮತ್ತೆ ಒಂದೇ ಕಡೆ ಮುಖ ಮಾಡಿ ನಿಲ್ಲುತ್ತಾರೆ, ಮತ್ತದೇ ಮೂರು ಸಾಲು. ವಿಡಿಯೋವನ್ನು ಒಮ್ಮೆ ಎಲ್ಲರೂ ಕೂತು ನೋಡಿ, ಆಫ್ ಮಾಡಿ. ಆಮೇಲೆ ಬೆಂಚು ತಟ್ಟಿಕೊಂಡು ಆ ತಾಳಕ್ಕೆ ಸುತ್ತಾಗಿ ನಡೆಯಿರಿ, ಬರೀ ನಡಿಗೆ. ಒಂದು ವಾರ ಅಷ್ಟೇ ಮಾಡಿದರೂ ಅಡ್ಡಿಯಿಲ್ಲ. ವರ್ಷಕ್ಕೆ ಹತ್ತು ದೇಶದ ಹತ್ತು ಕುಣಿತ ಮುಗಿಸುವ ಆಸೆ ಬಿಡಿ, ಎರಡು ಸಾಕು. ನೀವೂ ಸುತ್ತಿನ ಒಳಗೇ ನಿಂತು ಕಲಿಯಿರಿ. ನಿಮ್ಮ ಹೆಜ್ಜೆ ತಪ್ಪಿದರೆ ಪಕ್ಕದ ಮಗು ಕೈ ಎಳೆದು ಸರಿಮಾಡುತ್ತದೆ.